ಮಂಕಿಯ ಜಟ್ಟಜ್ಜ ವೀಳ್ಯ ತೆಗೆದುಕೊಂಡ ವರ್ಷ

ಕಳೆದ ತಿಂಗಳು ನಮ್ಮ ಮನೆಗೆ ಇಬ್ಬರು ಹುಡುಗಿಯರು ಬಂದಿದ್ದರು. ಸಮಾಜಕಾರ್ಯ ಓದುತ್ತಿದ್ದಾರಂತೆ. ವಯಸ್ಸಾದವರ ಬಗ್ಗೆ ಏನೋ ಅಧ್ಯಯನ, ಅದಕ್ಕೆ ನನ್ನನ್ನೂ ಕೇಳಬೇಕಂತೆ. ನಾನೂ ಒಂದು ಕಾಲದಲ್ಲಿ ಇದೇ ಕೆಲಸ ಮಾಡಿ ಅನ್ನ ತಿಂದವಳು ಎಂದು ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಮಂಡಿನೋವು ಇದೆಯೇ, ನಿದ್ದೆ ಬರುತ್ತದೆಯೇ, ಮಕ್ಕಳು ಫೋನು ಮಾಡುತ್ತಾರೆಯೇ ಎಂದು ಒಂದಾದ ಮೇಲೊಂದು ಕೇಳಿದರು. ಒಳ್ಳೆಯ ಹುಡುಗಿಯರೇ, ಮಾತಿನಲ್ಲಿ ಮರ್ಯಾದೆಯಿತ್ತು. ಆದರೆ ಉತ್ತರ ಹೇಳಿ ಹೇಳಿ ನನಗೆ ನನ್ನ ಮೇಲೇ ಕನಿಕರ ಹುಟ್ಟುವಷ್ಟಾಯಿತು. ಕೊನೆಗೆ ತಡೆಯಲಾರದೆ, "ಮೊದಲು ಇವನ್ನೇ ಕೇಳಬೇಕು ಅಂತ ಯಾರು ಗೊತ್ತು ಮಾಡಿದರು?" ಎಂದೆ. ಒಬ್ಬಳು ಇನ್ನೊಬ್ಬಳ ಮುಖ ನೋಡಿದಳು. "ಸರ್ ಕೊಟ್ಟಿದ್ದು, ಆಂಟಿ" ಎಂದಳು.

ಅವರನ್ನು ಗೇಟಿನ ತನಕ ಕಳಿಸಿ ಬಂದು ಕುಳಿತವಳಿಗೆ ಮಂಕಿಯ ಕಡಲದಂಡೆ ನೆನಪಾಯಿತು. ಆ ಬೆಳಗಿನ ಹೊತ್ತು, ಒದ್ದೆ ಕತ್ತದ ಹಗ್ಗದ ವಾಸನೆ, ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟ ಶಾನಭಾಗ ಮಾಸ್ತರರು. ಅವತ್ತು ಸಂಜೆಯವರೆಗೂ ನನಗೆ ಬೇರೆ ಕೆಲಸ ಹಿಡಿಸಲಿಲ್ಲ.

ಅರವತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿದ್ದ ಕಾಲ. ನಾನು ಮುಂಬೈಯಲ್ಲಿ ಸಮಾಜಕಾರ್ಯದ ಓದು ಮುಗಿಸಿ ಕುಮಟೆಗೆ ವಾಪಸಾಗಿದ್ದೆ. ಹಾಗೆಂದರೆ ಏನು ಓದು ಎಂದು ಊರಲ್ಲಿ ಯಾರಿಗೂ ತಿಳಿಯದು. ಕೇಳಿದವರಿಗೆ ನಮ್ಮ ತಂದೆ, "ಮಾಸ್ತರಿಕೆಯ ಹಾಗೇ, ಆದರೆ ಶಾಲೆ ಇಲ್ಲ" ಎನ್ನುತ್ತಿದ್ದರು. ತಾಯಿಗೆ ನನ್ನ ಮದುವೆಯ ಚಿಂತೆ. ಅಷ್ಟರಲ್ಲಿ ಮುಂಬೈಯಲ್ಲಿ ಬಟ್ಟೆ ವ್ಯಾಪಾರ ಮಾಡಿ ಮುಂದೆ ಬಂದಿದ್ದ ಕುಮಟೆಯವರೊಬ್ಬರು ತಮ್ಮ ತಾಯಿಯ ನೆನಪಿಗೆ ನಮ್ಮ ಕಡೆಯ ಮುದುಕ ಮುದುಕಿಯರಿಗಾಗಿ ಏನಾದರೂ ಮಾಡಬೇಕೆಂದು ಒಂದು ಚಿಕ್ಕ ಸಮಿತಿ ಕಟ್ಟಿದರು. ಸಮಿತಿಯಲ್ಲಿ ಒಬ್ಬ ಡಾಕ್ಟರು, ಒಬ್ಬ ವಕೀಲರು, ಮತ್ತೆ ಊರ ಇಬ್ಬರು ಮೂವರು. ಕೆಲಸ ನಡೆಸಲು ಶಾನಭಾಗ ಮಾಸ್ತರರು, ಅವರ ಕೈಕೆಳಗೆ ನಾನು.

ಮಾಸ್ತರರು ಶಾಲಾ ಇನ್ಸ್ಪೆಕ್ಟರರಾಗಿ ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದರು. ಮುಂಬೈ ಸರಕಾರದ ಕಾಲದ ಕರಿಟೋಪಿ, ಕೊರಳ ತನಕ ಗುಂಡಿ ಹಾಕಿದ ಕೋಟು, ಬಿಳಿ ಧೋತರ. ಸೆಕೆಗೆ ಬೆವರು ಸುರಿದರೂ ಆ ಕೋಟು ಬಿಚ್ಚಿದವರಲ್ಲ. ಅವರ ಎದುರು "ನಿಮ್ಮಂಥ ವಯಸ್ಸಾದವರು" ಎಂದು ಯಾರಾದರೂ ಬಾಯಿ ತಪ್ಪಿ ಅಂದರೆ ಕೇಳಿಸದವರ ಹಾಗೆ ಕಿಟಕಿಯ ಹೊರಗೆ ನೋಡುತ್ತಿದ್ದರು.

ಸಮಿತಿಗೆ ಮೊದಲ ದಿನವೇ ಜಗಳ ಹತ್ತಿತು. ಕುಮಟೆ, ಹೊನ್ನಾವರ, ಭಟ್ಕಳ ಮೂರೂ ತಾಲೂಕಿನಲ್ಲಿ ವಯಸ್ಸಾದವರ ಸ್ಥಿತಿಗತಿ ತಿಳಿದುಕೊಳ್ಳಬೇಕು, ಸರಿ. ಆದರೆ ಯಾವುದನ್ನು ಮೊದಲು ತಿಳಿಯುವುದು? ಡಾಕ್ಟರರು ಕಣ್ಣು ಎಂದರು. ವಕೀಲರಿಗೆ ಒಂದು ಕಟ್ಟಡ ಬೇಕು, ಆದ್ದರಿಂದ ಮನೆ ಇಲ್ಲದವರು ಎಷ್ಟು ಜನ ಎಂಬುದೇ ಮೊದಲು. ಮುಂಬೈಯ ಪುಸ್ತಕಗಳ ಬಿಸಿ ಇನ್ನೂ ಆರಿರದ ನಾನು ಒಂಟಿತನ ಎಂದೆ. ಕೂಡುಮನೆಗಳೇ ತುಂಬಿದ ಊರಿನಲ್ಲಿ ಒಂಟಿತನವೆಂದರೆ ಎಂತದು ಎಂದು ವಕೀಲರು ನಕ್ಕರು. ಮಾಸ್ತರರು ಎಲ್ಲರಿಗೂ ತಲೆಯಾಡಿಸಿ, "ಮೊದಲು ಊರೂರು ತಿರುಗಿ ಒಂದಿಷ್ಟು ಜನರ ಹತ್ತಿರ ಮಾತಾಡಿ ಬರುತ್ತೇವೆ. ಆಮೇಲೆ ಕೂತು ಗೊತ್ತು ಮಾಡೋಣ" ಎಂದು ಮುಗಿಸಿದರು.

ಹಾಗೆ ಮಳೆ ಹಿಂದೆ ಸರಿಯುವ ಹೊತ್ತಿಗೆ ನಾವಿಬ್ಬರೂ ತಿರುಗಾಟ ಶುರು ಮಾಡಿದೆವು. ಮಿರ್ಜಾನದ ಹೊಳೆಬದಿಯ ಗದ್ದೆಮನೆಗಳಿಗೆ ಹೋದೆವು. ಭಟ್ಕಳದಲ್ಲಿ ನವಾಯತ ಮುಸ್ಲಿಮರ ಮನೆಯ ಒಬ್ಬ ಅಜ್ಜಿ ನಮ್ಮ ಪ್ರಶ್ನೆಗಳನ್ನು ಬದಿಗಿಟ್ಟು, ಬಾಯಿ ತುಂಬ ಸಿಹಿ ತಿನ್ನಿಸಿ, ನನ್ನ ಮದುವೆಯ ವಿಚಾರವನ್ನೇ ವಿವರವಾಗಿ ಕೇಳಿಕೊಂಡಳು. ಎಲ್ಲಿ ಹೋದರೂ ಮಾಸ್ತರರದು ಒಂದು ಶಿಸ್ತು. ಹಿರಿಯರ ಹತ್ತಿರ ಬರಿಗೈಯಲ್ಲಿ ಹೋಗಬಾರದು. ಮಾತು ಮುಗಿದ ಮೇಲೆ ಎರಡೂ ಕೈಯಿಂದ ವೀಳ್ಯ ಕೊಟ್ಟು, ಹೆಗಲಿಗೆ ಒಂದು ಹೊಸ ಪಾಣಿಪಂಚೆ ಹೊದಿಸಿ, "ಈ ಕೆಲಸದಲ್ಲಿ ನೀವು ನಮ್ಮ ಜೊತೆ ಇರಬೇಕು" ಎನ್ನುತ್ತಿದ್ದರು. ನನಗೆ ಅದು ಚಂದ ಕಾಣುತ್ತಿತ್ತು.

ಮಂಕಿಯ ಮೀನುಗಾರರ ಕೇರಿಗೆ ಹೋದದ್ದು ನವರಾತ್ರಿಗೆ ಸ್ವಲ್ಪ ಮುಂಚೆ. ಆಗ ಹೊನ್ನಾವರದ ಹೊಳೆಗೆ ಸೇತುವೆ ಇರಲಿಲ್ಲ. ಬಸ್ಸಿಳಿದು ಲಾಂಚಿನಲ್ಲಿ ದಾಟಿ ಆಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿಯಬೇಕಿತ್ತು. ಕೇರಿಯಲ್ಲಿ ಗಂಡಸರೆಲ್ಲ ಗುಂಪುಗುಂಪಾಗಿ ಕೂತು ಬಲೆ ಸರಿಮಾಡುತ್ತಿದ್ದರು. ರಂಪಣಿ ಬಲೆ ಕಡಲಿಗೆ ಇಳಿಯುವ ದಿನ ಹತ್ತಿರ ಬಂದಿತ್ತು. ರಂಪಣಿ ಎಂದರೆ ಊರಿಗೆ ಊರೇ ಸೇರಿ ಎಳೆಯುವ ದೊಡ್ಡ ಬಲೆ. ದೋಣಿಯವರು ಅದನ್ನು ಕಡಲಲ್ಲಿ ಬಿಲ್ಲಿನಂತೆ ಬಿಟ್ಟು ಬರುತ್ತಾರೆ, ದಂಡೆಯಲ್ಲಿ ಎರಡು ಸಾಲು ಜನ ಎರಡು ತುದಿಯ ಹಗ್ಗ ಹಿಡಿದು ಎಳೆಯುತ್ತಾರೆ. ಹಗ್ಗ ಮುಟ್ಟಿದವರಿಗೆಲ್ಲ ಮೀನಿನಲ್ಲಿ ಪಾಲು.

ಅಲ್ಲಿ ನಾವು ಮಾತಾಡಿಸಿದವರಲ್ಲಿ ಜಟ್ಟಜ್ಜ ಒಬ್ಬ. ಎಲುಬು ಎಣಿಸುವಂಥ ಮೈ, ಕಣ್ಣು ಮಸುಕು. ಎದುರಿಗೆ ಬಂದವರು ಗಂಡೋ ಹೆಣ್ಣೋ ಎನ್ನುವಷ್ಟು ಮಾತ್ರ ಕಾಣುತ್ತಿತ್ತು. ಮಗ ರತ್ನಾಗಿರಿ ಕಡೆ ದೋಣಿಯ ಕೆಲಸಕ್ಕೆ ಹೋದವನು ಮಳೆಗಾಲಕ್ಕಷ್ಟೇ ಮನೆಗೆ ಬರುವುದು. ಮನೆಯಲ್ಲಿ ಸೊಸೆ ಮಂಜಮ್ಮ. ಬುಟ್ಟಿ ಹೊತ್ತು ಮೀನು ಮಾರುವವಳು, ಗಟ್ಟಿಗಿತ್ತಿ. ಅಜ್ಜನಿಗೆ ನಾವು ಕೇಳಿದ ಪ್ರಶ್ನೆಗಳಿಗಿಂತ ನಮ್ಮನ್ನು ಪ್ರಶ್ನೆ ಮಾಡುವುದರಲ್ಲೇ ಹೆಚ್ಚು ಹುರುಪು. ಹೊರಡುವಾಗ ಮಾಸ್ತರರು ಎಂದಿನಂತೆ ವೀಳ್ಯ ಕೊಟ್ಟು, ಪಾಣಿಪಂಚೆ ಹೊದಿಸಿ, "ಈ ಕೆಲಸದಲ್ಲಿ ನೀವು ನಮ್ಮ ಜೊತೆ ಇರಬೇಕು" ಎಂದರು. ಅಜ್ಜ ವೀಳ್ಯವನ್ನು ಹಣೆಗೆ ಮುಟ್ಟಿಸಿ, ಎಲೆ ಮಡಿಚಿ ಬಾಯಿಗೆ ಹಾಕಿಕೊಂಡು, "ಆತು" ಎಂದ. ಅವನ ಮುಖ ಅಷ್ಟು ಅರಳಿದ್ದು ಯಾಕೆ ಎಂದು ನಮಗಿಬ್ಬರಿಗೂ ಹೊಳೆಯಲಿಲ್ಲ. ಬಸ್ಸಿನಲ್ಲಿ ಮಾಸ್ತರರು, "ನೋಡಿದೆಯಾ ಶಾಂತಾ, ಒಂದು ಮರ್ಯಾದೆಯ ಮಾತಿಗೆ ಎಷ್ಟು ಸಂತೋಷ" ಎಂದು ತೃಪ್ತಿಯಿಂದ ಹೇಳಿದ್ದು ನೆನಪಿದೆ.

ದೀಪಾವಳಿ ಕಳೆದ ಮೇಲೆ, ಬಿಟ್ಟುಹೋದ ಕೆಲವು ವಿಷಯ ಕೇಳಿಕೊಂಡು ಬರಲು ನಾನೊಬ್ಬಳೇ ಮಂಕಿಗೆ ಹೋದೆ. ಬಂಗಡೆ ಮೀನಿನ ಹಂಗಾಮು. ದಂಡೆಯ ಕಡೆಯಿಂದ ಹಗ್ಗ ಎಳೆಯುವವರ ಕೂಗು ಕೇರಿಯ ತನಕ ಕೇಳುತ್ತಿತ್ತು. ಆ ಹೊತ್ತಿನಲ್ಲಿ ಕೇರಿಯಲ್ಲಿ ಗಂಡಸೆಂಬ ಗಂಡಸು ಇರಲಿಲ್ಲ. ಜಟ್ಟಜ್ಜ ಮಾತ್ರ ಹೆಗಲ ಮೇಲೆ ನಮ್ಮ ಪಾಣಿಪಂಚೆ ಹಾಕಿಕೊಂಡು ಜಗುಲಿಯ ಮೇಲೆ ಕೂತಿದ್ದ.

"ಅಕ್ಕೋರಾ?" ನನ್ನ ದನಿ ಕೇಳಿದವನೇ ಎದ್ದು ನಿಂತ. "ಎಂತ ಇಷ್ಟು ತಡ ಮಾಡಿದ್ರಿ? ದಿನಾ ಕಾಯ್ತೇ ಇದ್ದೆ. ಎಲ್ಲಿಗೆ ಬರೂದು ಹೇಳಿ. ಬಲೆ ಇಳಿಸಿ ಆತಾ?"

ನನಗೆ ತಲೆಬುಡ ತಿಳಿಯಲಿಲ್ಲ. "ಯಾವ ಬಲೆ, ಅಜ್ಜಾ?" ಎನ್ನಲು ಬಾಯಿ ತೆರೆದಿದ್ದೆ. ಬಾಗಿಲಲ್ಲಿ ನಿಂತಿದ್ದ ಮಂಜಮ್ಮ ತುಟಿಯ ಮೇಲೆ ಬೆರಳಿಟ್ಟು ಕಣ್ಣಲ್ಲೇ ಬೇಡಿಕೊಂಡಳು. "ಅಕ್ಕೋರಿಗೆ ನೀರು ಕೊಡ್ತೆ, ಮಾವ" ಎಂದು ನನ್ನನ್ನು ಹಿತ್ತಿಲ ಬಾವಿಯ ಹತ್ತಿರ ಕರೆದುಕೊಂಡು ಹೋದಳು.

ಅಲ್ಲಿ ವಿಷಯ ತಿಳಿಯಿತು. ಹಂಗಾಮು ಶುರುವಾಗುವ ಮೊದಲು ಬಲೆಯ ಯಜಮಾನ ತನಗೆ ಬೇಕಾದವರ ಮನೆಗೆ ಹೋಗಿ ವೀಳ್ಯ ಕೊಟ್ಟು ಹೆಗಲಿಗೆ ಬಟ್ಟೆ ಹಾಕುವುದು ಆ ಕೇರಿಯ ಪದ್ಧತಿ. ಅದನ್ನು ತೆಗೆದುಕೊಂಡವನು ಆ ವರ್ಷ ಆ ಬಲೆಯವನು. ಬೇರೆ ಬಲೆಯ ಹಗ್ಗ ಮುಟ್ಟುವಂತಿಲ್ಲ. ಜಟ್ಟಜ್ಜನ ಮನೆಗೆ ವೀಳ್ಯ ಹಿಡಿದು ಯಾರೂ ಬಂದು ಎಷ್ಟೋ ವರ್ಷವಾಗಿತ್ತು. ಊರ ಬಲೆಗೆ ಅವನು ಹೋಗುತ್ತಿದ್ದದ್ದು ಹಳಬ ಎಂಬ ಸಲುಗೆಯಿಂದ. ಹಗ್ಗದ ಮೇಲೆ ಕೈ ಇಡುತ್ತಿದ್ದ, ಪಾಲು ತರುತ್ತಿದ್ದ. ಹೀಗಿರುವಾಗ ಕುಮಟೆಯಿಂದ ಕೋಟು ಟೋಪಿಯ ಯಜಮಾನರೊಬ್ಬರು ಮನೆಬಾಗಿಲಿಗೆ ಬಂದು, ಎರಡೂ ಕೈಯಿಂದ ವೀಳ್ಯ ಕೊಟ್ಟು, ನಮ್ಮ ಜೊತೆ ಇರಬೇಕು ಎಂದಿದ್ದರು.

"ಮರುದಿನವೇ ದಂಡೆಗೆ ಹೋಗಿ ಎಲ್ಲರ ಹತ್ರ ಹೇಳಿ ಬಂದ್ರು, ಕುಮಟೆಯವರು ನನ್ನ ಕರದಾರೆ ಅಂತ," ಎಂದಳು ಮಂಜಮ್ಮ. "ಕೆಲವರು ನೆಗಾಡಿದ್ರು. ಊರ ಬಲೆಯ ತಾಂಡೇಲ್ರು ಎರಡು ಸಲ ಮನೆಗೆ ಬಂದು ಕರದ್ರು. ಮಾವ ಹೋಗಲಿಲ್ಲ. ಬೇರೆಯವರ ವೀಳ್ಯ ತಿಂದವ ನಾನು, ನಿಮ್ಮ ಹಗ್ಗ ಮುಟ್ಟೂದು ಹೆಂಗೆ ಅಂದ್ರು. ಈಗ ಅಲ್ಲಿ ಕೂಗು ಕೇಳಿದ ಕೂಡಲೆ ಇಲ್ಲಿ ಕೂತಲ್ಲೇ ಕೈ ಆಡಸ್ತಾರೆ. ಊಟ ಅರ್ಧಕ್ಕರ್ಧ ಕಡಿಮೆ ಆತು."

"ಮೀನು?"

"ಹಗ್ಗ ಮುಟ್ಟದವರಿಗೆ ಪಾಲಿಲ್ಲ. ನಾ ಮಾರೂ ಬುಟ್ಟಿಯಿಂದ ಎರಡು ಬಂಗಡೆ ತೆಗದಿಟ್ಟು, ಮರಳು ಮೆತ್ತಿ, ತಾಂಡೇಲ್ರು ಕಳಸಿದ್ದು ಅಂತ ಹೇಳ್ತೆ. ದಂಡೆಯಿಂದ ಬಂದ ಹಾಗೆ ಕಾಣ್ಲಿ ಅಂತ." ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಅಕ್ಕೋರೇ, ಕೈ ಮುಗೀತೆ. ನಿಮ್ಮ ಬಲೆ ಇಲ್ಲ ಅಂತ ಮಾತ್ರ ಹೇಳಬೇಡಿ. ಯಾರೂ ಕರದಿಲ್ಲ ಅಂತ ಗೊತ್ತಾದ್ರೆ ಆ ಜೀವ ತಡಕೊಳ್ಳೂದಿಲ್ಲ."

ನಾನು ನೀರಿನ ತಂಬಿಗೆ ಹಿಡಿದುಕೊಂಡು ಹಾಗೇ ನಿಂತೆ. ಕನಿಕರ, ಕೋಪ, ನಗು ಎಲ್ಲ ಒಟ್ಟಿಗೆ ಬಂತು. ಹೇಳದಿದ್ದರೆ ಅಜ್ಜ ಹಂಗಾಮು ಪೂರ್ತಿ ಜಗುಲಿಯ ಮೇಲೆ ಕೂತು ಕರಗುತ್ತಾನೆ. ಹೇಳಿದರೆ ಅವತ್ತೇ ಮುರಿಯುತ್ತಾನೆ. ಜಗುಲಿಗೆ ವಾಪಸು ಬಂದು, "ಇನ್ನು ಸ್ವಲ್ಪ ದಿನ, ಅಜ್ಜಾ. ಮಾಸ್ತರರು ಹೇಳಿ ಕಳಿಸುತ್ತಾರೆ" ಎಂದಷ್ಟೇ ಹೇಳಿ ದಂಡೆಗೆ ಹೋದೆ.

ನಾರಾಯಣ ತಾಂಡೇಲ ಬಲೆಯ ಮುಖ್ಯಸ್ಥ. ಕಪ್ಪು ಮೈಯ ಎತ್ತರದ ಆಳು, ಮಾತು ಕಡಿಮೆ. ನಾವು ಬಲೆಯವರಲ್ಲ ಎಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

"ಗೊತ್ತಿದ್ದೂ ಸುಮ್ಮನಿದ್ದಿರಲ್ಲ, ತಾಂಡೇಲರೇ?"

"ಎಂತ ಹೇಳೂದು ಅಕ್ಕೋರೇ? ನಿನ್ನ ಯಾರೂ ಕರದಿಲ್ಲ ಅಂತ ನಾ ಹೇಳೂದಾ? ಅವ ನನಗೆ ಹಗ್ಗ ಹಿಡಿಯೂಕೆ ಕಲಿಸಿದವ." ತಾಂಡೇಲ ಮರಳಿನ ಮೇಲೆ ಕೂತ. "ಒಂದು ದಾರಿ ಉಂಟು. ವೀಳ್ಯ ಕೊಟ್ಟವರು ದಂಡೆಗೆ ಬಂದು, ನಮ್ಮ ಹಗ್ಗ ಹಿಡಿದು, ಇವನ್ನ ಬಿಟ್ಟಿದೇನೆ ಅಂತ ಎಲ್ಲರೆದುರು ಹೇಳ್ಬೇಕು. ಆಗ ಅವ ನಮ್ಮಲ್ಲಿಗೆ ಬರಬಹುದು."

"ಹಾಗಾದರೆ ಮಾಸ್ತರರನ್ನು ನಾಳೆಯೇ ಕರೆತರುತ್ತೇನೆ."

"ನಿಲ್ಲಿ. ಕೆಲಸ ಕೊಡದೆ ಬಿಡೂದಾ? ಒಂದು ದಿನನೂ ಬಲೆ ಎಳಸದೆ ಬಿಟ್ರೆ, ಕೈಲಾಗದವ ಅಂತ ಬಿಟ್ಟ ಹಾಗೆ. ಅದಕ್ಕಿಂತ ಅವ ಜಗುಲಿಯಲ್ಲೇ ಇರ್ಲಿ."

ಮರುದಿನ ಕುಮಟೆಯಲ್ಲಿ ಇದನ್ನೆಲ್ಲ ಕೇಳಿದಾಗ ಮಾಸ್ತರರು ಮೊದಲು ಗಟ್ಟಿಯಾಗಿ ನಕ್ಕರು. ನಗು ಅರ್ಧಕ್ಕೇ ನಿಂತಿತು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. ಅವರನ್ನು ಟೋಪಿಯಿಲ್ಲದೆ ನಾನು ನೋಡಿದ್ದು ಅದೇ ಮೊದಲು. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಸುಳ್ಳು ಕೆಲಸ ಕೊಡುವುದು ಬೇಡ, ಶಾಂತಾ," ಎಂದರು ಕೊನೆಗೆ. "ಮುದುಕರಿಗೆ ಸುಳ್ಳು ಕೆಲಸ ತಕ್ಷಣ ಗೊತ್ತಾಗುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ." ಆಮೇಲೆ ಟೋಪಿ ಹಾಕಿಕೊಂಡರು. "ಮುಂದಿನ ವಾರ ಸಮಿತಿ ಸೇರುತ್ತದಲ್ಲ. ನಮಗೂ ಅಲ್ಲಿ ಒಂದು ಎಳೆಯುವುದು ಬಾಕಿ ಇದೆ. ಹೋಗಿ ಅಜ್ಜನನ್ನು ಕರೆದುಕೊಂಡು ಬಾ."

ಜಟ್ಟಜ್ಜ ಅಂದು ಒಗೆದ ಪಂಚೆ ಉಟ್ಟು, ಪಾಣಿಪಂಚೆ ಹೊದ್ದು, ಕೆಲಸಕ್ಕೆ ಹೊರಟವನ ಠೀವಿಯಲ್ಲಿ ಬಂದ. ಮಂಜಮ್ಮ ಬಸ್ಸಿನ ತನಕ ಬಂದು ಹತ್ತಿಸಿದಳು. ಬಸ್ಸು ಹೊರಟ ಮೇಲೆ ಅಜ್ಜ ನನ್ನ ಕಡೆ ಬಗ್ಗಿ, "ನಮ್ಮ ಮಂಜಿ ಮೀನಿಗೆ ಮಣ್ಣು ಮೆತ್ತೂದು ನಿಮಗೆ ಹೇಳ್ತೋ ಇಲ್ಲೋ?" ಎಂದ. ನಾನು ಬೆಚ್ಚಿದೆ. "ಅದು ಕಡಲ ಮರಳಲ್ಲ ಅಕ್ಕೋರೇ, ಅಂಗಳದ್ದು. ನಾಲಿಗೆಗೆ ಸಿಕ್ಕಿದ ಕೂಡಲೆ ತಿಳೀತದೆ. ಪಾಪ, ಎಂತಕ್ಕೆ ಹೇಳೂದು ಅಂತ ತಿಂತೆ." ಹಲ್ಲಿಲ್ಲದ ಬಾಯಿ ತುಂಬ ನಕ್ಕ. ಒಂದೇ ಸೂರಿನ ಕೆಳಗೆ ಇಬ್ಬರೂ ಒಬ್ಬರಿಗೊಬ್ಬರು ಇಷ್ಟು ಜೋಪಾನವಾಗಿ ನಾಟಕವಾಡಿಕೊಂಡು ಬದುಕಿದ್ದರು. ಅದನ್ನು ನೆನೆದರೆ ಈಗಲೂ ನನ್ನ ಕಣ್ಣು ತುಂಬುತ್ತದೆ.

ಸಮಿತಿ ಸೇರಿದ್ದು ಸದಸ್ಯರೊಬ್ಬರ ಅಕ್ಕಿ ಗಿರಣಿಯ ಮಾಳಿಗೆಯಲ್ಲಿ. ಕೆಳಗೆ ಗಿರಣಿಯ ಸದ್ದು, ಮೇಲೆ ನಮ್ಮ ಮಾತು. ಅಜ್ಜನಿಗೆ ಕುರ್ಚಿ ಕೊಟ್ಟೆವು. ಕುರ್ಚಿ ಅಲ್ಲಾಡುತ್ತದೆ ಎಂದು ಇಳಿದು ನೆಲದ ಮೇಲೆ ಕೂತ. ಚಹಾ ಸಪ್ಪೆ ಎಂದ. ಡಾಕ್ಟರರು ಎದ್ದು ಬಂದು, ಕಿಟಕಿಯ ಬೆಳಕಿಗೆ ಅವನ ಮುಖ ತಿರುಗಿಸಿ ಕಣ್ಣು ನೋಡಿ, "ಪೊರೆ ಬಂದಿದೆ. ತೆಗೆಯಬಹುದು" ಎಂದರು. ವಕೀಲರು ದೊಡ್ಡ ದನಿಯಲ್ಲಿ, ಕಣ್ಣು ಕಾಣದವನಿಗೆ ಕಿವಿಯೂ ಕೇಳುವುದಿಲ್ಲ ಎಂಬ ಹಾಗೆ, "ಅಜ್ಜಾ, ನಿನಗೆ ಏನು ಕೊಡಬೇಕು, ಹೇಳು?" ಎಂದರು.

"ಕೊಡೂದು ಎಂತಕ್ಕೆ?" ಎಂದ ಅಜ್ಜ. "ವೀಳ್ಯ ಕೊಟ್ಟಾಗಿದೆ. ಕೆಲಸ ಎಂತದು, ಅದನ್ನ ಹೇಳಿ."

ವಕೀಲರು ನಮ್ಮತ್ತ ನೋಡಿದರು. ಮಾಸ್ತರರು ಕುರ್ಚಿಯಿಂದ ಎದ್ದು ಬಂದು ಅಜ್ಜನ ಎದುರಿಗೆ ನೆಲದ ಮೇಲೆಯೇ ಕೂತರು. ಧೋತರ ಕೊಳೆಯಾದೀತು ಎಂಬ ಯೋಚನೆಯನ್ನೂ ಮಾಡಲಿಲ್ಲ.

"ಜಟ್ಟಪ್ಪಾ, ನಮ್ಮದು ಕೇಳುವ ಕೆಲಸ. ಈ ಮೂರು ತಾಲೂಕಿನ ಮುದುಕರನ್ನೆಲ್ಲ ಕೇಳಬೇಕು. ಎಲ್ಲವನ್ನೂ ಒಟ್ಟಿಗೆ ಕೇಳುವಷ್ಟು ಜನವೂ ಇಲ್ಲ, ದಿನವೂ ಇಲ್ಲ. ಮೊದಲು ಯಾವುದು ಎನ್ನುವಲ್ಲಿ ಸಿಕ್ಕಿಬಿದ್ದಿದ್ದೇವೆ. ನಾವು ನಾಲ್ಕು ಜನ ನಾಲ್ಕು ಕಡೆ ಎಳೆಯುತ್ತಿದ್ದೇವೆ. ನೀವು ಒಂದು ಕೈ ಹಾಕಬೇಕು."

ಅಜ್ಜ ಮೊದಲು, "ನಂಗೆ ಗೊತ್ತಿಲ್ಲ" ಎಂದ. ಆಮೇಲೆ, "ಎಲ್ಲರನ್ನೂ ಕೇಳೂದಾ? ಅಡಿಕೆ ತೋಟದವರನ್ನೂ?" ಎಂದ. ಹೌದು ಎಂದೆವು. "ಕಣ್ಣು ಮೊದಲು ಆಗ್ಲಿ," ಎಂದ. "ಡಾಕ್ಟ್ರು ಹೇಳಿದ್ದು ಸರಿ. ಕಣ್ಣಿಲ್ಲದಿದ್ರೆ ಯಾರೂ ಕರಿಯೂದಿಲ್ಲ." ಡಾಕ್ಟರರ ಮುಖ ಅರಳಿತು. ಅಜ್ಜ ತನ್ನಷ್ಟಕ್ಕೆ ಎಂಬಂತೆ ಮಾತು ಮುಂದುವರಿಸಿದ. "ಮತ್ತೊಂದು ಕೇಳ್ಬಹುದು. ನಮ್ಮಲ್ಲಿ ಹಗ್ಗಕ್ಕೆ ಯಾರು ಬಂದ್ರು, ಯಾರು ಬರಲಿಲ್ಲ ಅಂತ ಎಣಸೂದಿಲ್ಲ. ಎಳಿಯೂಕೆ ಹಿಡದ ಕೂಡಲೆ ಜಾಗ ಖಾಲಿ ಕಾಣ್ತದೆ. ಅವ ಎಲ್ಲಿ ಅಂತ ಒಬ್ಬ ಕೂಗ್ತಾನೆ. ಮುದುಕರ ಹತ್ರ ಅದನ್ನ ಕೇಳಿ. ನೀ ಒಂದಿನ ಹೋಗದಿದ್ರೆ ಕೂಗೂವರು ಯಾರಿದಾರೆ ಅಂತ."

"ಇದು ಎಂಥ ಪ್ರಶ್ನೆ?" ಎಂದರು ವಕೀಲರು. ಕೆಟ್ಟ ಮನುಷ್ಯರಲ್ಲ, ನಿಜವಾಗಿಯೇ ಅರ್ಥವಾಗದೆ ಕೇಳಿದರು. "ಇದಕ್ಕೆ ಉತ್ತರ ಬಂದರೆ ಅದನ್ನು ಇಟ್ಟುಕೊಂಡು ನಾವು ಏನು ಮಾಡುವುದು?"

ಮಾಸ್ತರರು ನೆಲ ನೋಡುತ್ತ, "ನನ್ನನ್ನು ಕೇಳಿದರೆ ನಾನು ಯಾರೂ ಇಲ್ಲ ಅನ್ನಬೇಕಾಗುತ್ತದೆ" ಎಂದರು. ಆಮೇಲೆ ಮೆಲ್ಲಗೆ ಹೇಳಿದರು. ನಿವೃತ್ತಿಯಾದ ಮೇಲೂ ಎಷ್ಟೋ ದಿನ ಅವರು ಬೆಳಿಗ್ಗೆ ಕೋಟು ಹಾಕಿ ಬಸ್‌ಸ್ಟ್ಯಾಂಡಿನ ತನಕ ಹೋಗಿ ಬರುತ್ತಿದ್ದರಂತೆ. ಹಾದಿಯಲ್ಲಿ ಹಳೆಯ ಶಾಲೆಗಳ ಮಾಸ್ತರರು ಎದುರಾದರೆ ನಮಸ್ಕಾರ ಮಾಡುತ್ತಿದ್ದರು, ಆದರೆ ಎಲ್ಲಿಗೆ ಹೊರಟಿರಿ ಎಂದು ಕೇಳುತ್ತಿರಲಿಲ್ಲವಂತೆ. ಆ ಮಾಳಿಗೆಯಲ್ಲಿ ಎಲ್ಲರೂ ಅವರನ್ನು ವರ್ಷಗಟ್ಟಲೆ ಬಲ್ಲವರೇ. ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು.

ಎಲ್ಲ ಸುಸೂತ್ರವಾಗಿ ಮುಗಿಯಿತು ಎಂದೇನಲ್ಲ. ಮತ್ತೆ ಚರ್ಚೆಯಾಯಿತು, ಕಟ್ಟಡದ ಮಾತು ಇನ್ನೆರಡು ಸಲ ಎದ್ದು ಕೂತಿತು. ಕಡೆಗೆ ಕಣ್ಣು ಮೊದಲನೆಯದಾಯಿತು, ಜಟ್ಟಜ್ಜನ ಪ್ರಶ್ನೆ ಎರಡನೆಯದಾಯಿತು, ಕಟ್ಟಡ ಮೂರಕ್ಕೆ ಸರಿಯಿತು. ನನ್ನ ಒಂಟಿತನ ಬಿಟ್ಟೇಹೋಯಿತು. ನನಗೆ ಒಳಗೊಳಗೇ ಸಿಟ್ಟು ಬಂದಿತ್ತು. ನಾನು ಪುಸ್ತಕದ ಮಾತಿನಲ್ಲಿ ಹುಡುಕುತ್ತಿದ್ದದ್ದನ್ನೇ ಅಜ್ಜ ಕೇಳಿದ್ದ ಎಂದು ತಿಳಿಯಲು ನನಗೆ ಇನ್ನೂ ಕೆಲವು ಊರು ತಿರುಗಬೇಕಾಯಿತು. ಆ ಪ್ರಶ್ನೆ ಕೇಳಿದಾಗಲೆಲ್ಲ ಜನರ ಬಾಯಿಂದ ಮಾತು ತಾನಾಗಿ ಬರುತ್ತಿತ್ತು. ದೇವಸ್ಥಾನದಲ್ಲಿ ಹೂ ಕಟ್ಟುವ ಅಜ್ಜಿಯೊಬ್ಬಳು, "ನಾ ಹೋಗದಿದ್ರೆ ದೇವರಿಗೇ ಗೊತ್ತಾಗ್ತದೆ" ಎಂದು ಹೆಮ್ಮೆಯಿಂದ ಹೇಳಿದಳು. ಹನ್ನೆರಡು ಜನರ ಮನೆಯ ಯಜಮಾನರಾಗಿದ್ದವರೊಬ್ಬರು ಉತ್ತರ ಹೇಳದೆ ಎದ್ದು ಒಳಗೆ ಹೋದರು. ಮುಂದೆ ನಮ್ಮ ಕೆಲಸ ಎಲ್ಲಿ ಬೇಕು, ಯಾರಿಗೆ ಬೇಕು ಎಂಬುದು ನಮಗೆ ಗೊತ್ತಾದದ್ದು ಇಂಥ ಉತ್ತರಗಳಿಂದ.

ಆದರೆ ಅಂದು ನನ್ನ ತಲೆಯಲ್ಲಿ ಇದ್ದದ್ದು ಮಂಕಿಯ ದಂಡೆ ಒಂದೇ. ಅಜ್ಜ ಆ ರಾತ್ರಿ ಕುಮಟೆಯಲ್ಲಿ ಮಾಸ್ತರರ ಮನೆಯಲ್ಲೇ ಉಳಿದ. ಬೆಳಿಗ್ಗೆ ಮೊದಲ ಬಸ್ಸಿಗೆ ಮೂವರೂ ಹೊರಟೆವು. ಹೊನ್ನಾವರದ ಹೊಳೆಯ ಮೇಲೆ ಮಂಜು ಕೂತಿತ್ತು. ಲಾಂಚಿನಲ್ಲಿ ಅಜ್ಜ ಕೈ ಇಳಿಬಿಟ್ಟು ನೀರು ಮುಟ್ಟಿ, "ಉಬ್ಬರ ಏರ್ತಾ ಉಂಟು" ಎಂದ. ಮಾಸ್ತ್ರು ಈಗ ನನ್ನ ಬಿಡೂದಾ ಎಂದು ಅವನೂ ಕೇಳಲಿಲ್ಲ, ಬಿಡುತ್ತೇನೆ ಎಂದು ಮಾಸ್ತರರೂ ಹೇಳಲಿಲ್ಲ. ನನಗೆ ಮಾತ್ರ ಒಂದೇ ಚಿಂತೆ. ಒಂದು ದಿನ ಮಾಳಿಗೆಯಲ್ಲಿ ಕೂತು ಮಾತಾಡಿದ್ದನ್ನು ಈ ಜನ ಕೆಲಸ ಎಂದು ಒಪ್ಪುತ್ತಾರೆಯೇ? ಯಾರಾದರೂ ಒಬ್ಬ ನಕ್ಕುಬಿಟ್ಟರೆ?

ದಂಡೆಯಲ್ಲಿ ಆಗತಾನೆ ದೋಣಿ ಬಲೆ ಬಿಟ್ಟು ಬಂದಿತ್ತು. ಎರಡೂ ಸಾಲಿನವರು ಹಗ್ಗ ಎತ್ತಿಕೊಂಡು ನಿಂತಿದ್ದರು. ಸುದ್ದಿ ಹೋಗಿತ್ತೆಂದು ಕಾಣುತ್ತದೆ. ಮಂಜಮ್ಮ ಖಾಲಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ದೂರದಲ್ಲಿ ನಿಂತಿದ್ದಳು. ಮಾಸ್ತರರು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಕೋಟು ನನ್ನ ಕೈಗೆ ಕೊಟ್ಟರು. ಟೋಪಿ ತೆಗೆಯಲಿಲ್ಲ. ಧೋತರ ಎತ್ತಿ ಕಟ್ಟಿ, ಮೆಟ್ಟು ಬಿಟ್ಟು, ಒದ್ದೆ ಮರಳಿನಲ್ಲಿ ಹೋಗಿ ಹಗ್ಗ ಹಿಡಿದರು. ತಾಂಡೇಲ ಕೂಗು ಕೊಟ್ಟ. ಸಾಲು ಸಾಲೇ ಹಿಂದಕ್ಕೆ ವಾಲಿತು, ಮಾಸ್ತರರೂ ವಾಲಿದರು. ಒರಟು ಹಗ್ಗ ಅವರ ಮೆತ್ತನೆಯ ಅಂಗೈ ಕೊರೆಯುವುದು ನಿಂತಲ್ಲಿಂದಲೇ ಕಾಣುತ್ತಿತ್ತು. ನಾಲ್ಕಾರು ಎಳೆತದಲ್ಲಿ ಮುಖ ಕೆಂಪಾಯಿತು. ತಾಂಡೇಲ ಕೈ ಎತ್ತಿ ಸಾಲನ್ನು ನಿಲ್ಲಿಸಿದ.

"ಹೇಳಿ, ಮಾಸ್ತರ್ರೇ."

ಮಾಸ್ತರರು ಉಸಿರು ಹಿಡಿದು, ತರಗತಿಯ ಕೊನೆಯ ಬೆಂಚಿಗೆ ಕೇಳುವಂತೆ ಹೇಳಿದರು. "ಜಟ್ಟಪ್ಪನವರು ನಮ್ಮ ಕೆಲಸ ಮಾಡಿ ಮುಗಿಸಿದ್ದಾರೆ. ನಾವು ಅವರನ್ನು ಬಿಟ್ಟಿದ್ದೇವೆ."

"ಕೆಲಸ ಹೆಂಗಿತ್ತು?"

"ಅವರು ಬಾರದಿದ್ದರೆ ನಾವು ಇನ್ನೂ ಅಲ್ಲೇ ನಿಂತಿರುತ್ತಿದ್ದೆವು."

ತಾಂಡೇಲ ತಲೆಯಾಡಿಸಿದ. ಯಾರೂ ನಗಲಿಲ್ಲ. ಜಟ್ಟಜ್ಜ ಹೆಗಲ ಮೇಲಿನ ಪಾಣಿಪಂಚೆ ತೆಗೆದು ತಲೆಗೆ ಸುತ್ತಿಕೊಂಡ. ಹಗ್ಗದ ಮೇಲೆ ಕೈಯಾಡಿಸುತ್ತ, ಒಬ್ಬೊಬ್ಬರ ಮೊಣಕೈ ಮುಟ್ಟಿ ಗುರುತು ಹಿಡಿಯುತ್ತ ಸಾಲಿನುದ್ದಕ್ಕೂ ನಡೆದ. ಈರಪ್ಪ ಎಂಬ ದಪ್ಪನೆಯ ಆಳಿನ ಮುಂದೆ ಬಂದು ನಿಂತು, ಹಗ್ಗದ ಮೇಲೆ ಎರಡೂ ಕೈ ಇಟ್ಟ. ಆ ಕೈಗಳಿಂದ ಹಗ್ಗ ಒಂದು ಬೆರಳಿನಷ್ಟೂ ಮುಂದೆ ಬಾರದೆ ಎಷ್ಟೋ ವರ್ಷವಾಗಿತ್ತು. ಅದು ಆ ದಂಡೆಯ ಮೇಲೆ ಗೊತ್ತಿಲ್ಲದವರು ಯಾರೂ ಇರಲಿಲ್ಲ.

ಈರಪ್ಪ ಹಿಂದಿನಿಂದ ಸಿಡಿದ. "ಎಲ್ಲಿ ಸತ್ತು ಬಿದ್ದಿದ್ಯೋ ಇಷ್ಟು ದಿನ? ನಿನ್ನ ಹಗ್ಗನೂ ನಾನೇ ಎಳದೂ ಎಳದೂ ನನ್ನ ಸೊಂಟ ಬಿದ್ದುಹೋತು!"

ನಾನು ಮಾಸ್ತರರ ಕೋಟಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಜಟ್ಟಜ್ಜ ಹಿಂದಕ್ಕೆ ತಿರುಗಿಯೂ ನೋಡಲಿಲ್ಲ. ಕಾಲು ಅಗಲಿಸಿ ಮರಳಿನಲ್ಲಿ ಹಿಮ್ಮಡಿ ಊರಿಕೊಂಡು, ಸಾಲಿಗೆಲ್ಲ ಕೇಳುವಂತೆ ಗದರಿದ:

"ಕುಮಟೆಯಲ್ಲಿ ಕೆಲಸ ಇತ್ತು, ಮಾರಾಯಾ. ನೀ ಎಳಿ."